ಪುಣೆಗೆ ಹೊಂದಿಸಿದ ಬ್ಯಾರೋಮೀಟರು

ನಾನು ಜೂನಾ ಬಜಾರಿಗೆ ಹೋದದ್ದು ಗೋಡೆ ಗಡಿಯಾರ ಕೊಳ್ಳಲು. ನೆಲದ ಮೇಲೆ ತಾಡಪತ್ರಿ ಹಾಸಿ ಹಳೆಯ ಸಾಮಾನು ಮಾರುವ ಪುಣೆಯ ಸಂತೆ ಅದು. ತುಕ್ಕು ಹಿಡಿದ ಬೀಗ, ಜೊತೆಯಿಲ್ಲದ ಬೂಟು, ಯಾರದೋ ಹೆಸರು ಕೊರೆದ ಹಿತ್ತಾಳೆ ಕೊಳಗ, ಎಲ್ಲವೂ ಅಲ್ಲಿ ಸಿಗುತ್ತದೆ. ಅವುಗಳ ನಡುವೆ ದುಂಡಗಿನ ಮರದ ಚೌಕಟ್ಟಿನ ಒಂದು ಯಂತ್ರ ಬಿದ್ದಿತ್ತು. ನೋಡಲು ಗಡಿಯಾರವೇ, ಆದರೆ ಗಂಟೆಗಳಿರುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಸ್ಟಾರ್ಮಿ, ರೇನ್, ಚೇಂಜ್, ಫೇರ್, ವೆರಿ ಡ್ರೈ ಎಂದು ಬರೆದಿತ್ತು. ಮುಳ್ಳು ಸ್ಟಾರ್ಮಿಯ ಮೇಲೆ, ಅಂದರೆ ಬಿರುಗಾಳಿಯ ಮೇಲೆ ನಿಂತಿತ್ತು. ತಲೆಯೆತ್ತಿದರೆ ಮಾರ್ಚ್ ತಿಂಗಳ ಬಿಸಿಲು, ಎಳೆ ಮೋಡವೂ ಇಲ್ಲ. ಇಷ್ಟು ಧೈರ್ಯದಿಂದ ಸುಳ್ಳು ಹೇಳುವ ವಸ್ತುವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೊಂಡುಬಿಟ್ಟೆ. ಹೊತ್ತು ನೋಡಲು ಕೈಗಡಿಯಾರ ಹೇಗೂ ಇತ್ತು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್. ಗದಗಿನಿಂದ ನೌಕರಿಗೆಂದು ಬಂದವಳು, ಊರಂಚಿನ ಕಾತ್ರಜದಲ್ಲಿ ಒಂದು ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ ಒಬ್ಬಳೇ ಇದ್ದೆ. ಯಾಕೆ ಮದುವೆಯಾಗಲಿಲ್ಲ ಎಂದು ಕೇಳುವವರಿಗೆ ಕೊಡಲು ನನ್ನ ಬಳಿ ಬೇಕಾದಷ್ಟು ಉತ್ತರಗಳಿದ್ದವು, ಕೇಳಿದವರ ಮುಖ ನೋಡಿ ಒಂದನ್ನು ಕೊಡುತ್ತಿದ್ದೆ. ನಿಜವಾದ ಉತ್ತರ ನನಗೂ ಗೊತ್ತಿರಲಿಲ್ಲ. ಕಾತ್ರಜದಷ್ಟು ದೂರ ಯಾಕೆ ಮನೆ ಹಿಡಿದೆ ಎಂದರೆ ಬಾಡಿಗೆ ಕಡಿಮೆ ಎನ್ನುತ್ತಿದ್ದೆ. ಅದೂ ಅರ್ಧ ಸುಳ್ಳು. ಅಲ್ಲಿಂದ ಸಾತಾರದ ಹೆದ್ದಾರಿ ಕಾಣುತ್ತಿತ್ತು, ಸಂಜೆ ಹುಬ್ಬಳ್ಳಿಯ ಕೆಂಪು ಬಸ್ಸು ಘಟ್ಟದ ಕಡೆ ತಿರುಗುವುದನ್ನು ನಿಂತು ನೋಡುತ್ತಿದ್ದೆ. ಹತ್ತಬೇಕೆಂದೇನೂ ಅಲ್ಲ. ಊರಿನಲ್ಲಿ ಅಣ್ಣನ ಸಂಸಾರವಿತ್ತು. ಹೋದ ದಿನ ಹೋಳಿಗೆ ಆಗುತ್ತಿತ್ತು, ಅದು ಅರಗುವಷ್ಟರಲ್ಲಿ ‘ಮತ್ತ ಯಾವಾಗ ಹೊಂಟಿ?’ ಎಂಬ ಪ್ರಶ್ನೆಯೂ ಬರುತ್ತಿತ್ತು.

ದಿನವಿಡೀ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರೂರಿನ ದನಿ ಕೇಳುವ ಕೆಲಸ ನನ್ನದು. ಯಾರಿಗೋ ಗಂಡು ಮಗು, ಯಾರದೋ ಲಗ್ನ ಮುರಿದಿದೆ, ಯಾರೋ ಹೋಗಿಬಿಟ್ಟಿದ್ದಾರೆ. ಎರಡು ಊರುಗಳನ್ನು ಜೋಡಿಸಿ ನಾನು ನಡುವಿನಿಂದ ಸರಿದುಕೊಳ್ಳಬೇಕು. ಆ ಎಲ್ಲ ದನಿಗಳಲ್ಲಿ ಒಂದೂ ನನಗೆ ಹೇಳಿದ್ದಲ್ಲ ಎಂಬುದು ಕೆಲವು ಸಂಜೆ ಎದೆಗೆ ಬಂದು ಕೂರುತ್ತಿತ್ತು. ಬೇರೆ ಊರಿನ ಆಪರೇಟರುಗಳು ಮಾತ್ರ ನನ್ನೊಡನೆ ನಾಲ್ಕು ಮಾತಾಡುತ್ತಿದ್ದರು. ಲೈನು ಖಾಲಿ ಇದ್ದಾಗ ರತ್ನಾಗಿರಿಯವಳೋ ಕಾರವಾರದವಳೋ ‘ನಿಮ್ಮಲ್ಲಿ ಮಳೆ ಹೇಗಿದೆ?’ ಎಂದು ಕೇಳುವುದು ನಮ್ಮ ಕೆಲಸದ ವಾಡಿಕೆ. ಮುಖ ಕಾಣದವರು ಕೇಳಬಹುದಾದ ಪ್ರಶ್ನೆ ಅದೊಂದೇ. ನನಗೆ ಹವಾಮಾನದ ಹುಚ್ಚು ಹಿಡಿದದ್ದು ಹೀಗೆ.

ಬ್ಯಾರೋಮೀಟರನ್ನು ಕೋಣೆಯಲ್ಲಿ ತೂಗುಹಾಕಿದೆ. ಮುಳ್ಳು ಬಿರುಗಾಳಿಯಿಂದ ಕದಲಲಿಲ್ಲ. ಮೊದಲ ಕೆಲವು ದಿನ ನಂಬಿ ಕೊಡೆ ಹಿಡಿದುಕೊಂಡೇ ಹೋದೆ. ಕೆಳಗಿನ ಮನೆಯ ಮಾಲಕಿ ‘ತುಮಚಾ ಪಾವೂಸ್ ಕುಠೆ ಗೇಲಾ?’ ಎಂದು ನಗುತ್ತಿದ್ದಳು. ನಿಮ್ಮ ಮಳೆ ಎಲ್ಲಿ ಹೋಯಿತು ಎಂದು. ಗಡಿಯಾರ ರಿಪೇರಿಯವನು ಬಿಚ್ಚಿ ನೋಡಿ ಏನೂ ಕೆಟ್ಟಿಲ್ಲ ಎಂದ. ಕೆಟ್ಟಿಲ್ಲದೆಯೂ ತಪ್ಪು ಹೇಳುವ ಜನರನ್ನು ನೋಡಿದ್ದೆ, ಯಂತ್ರವನ್ನು ನೋಡಿದ್ದು ಅದೇ ಮೊದಲು.

ಅದರ ಗುಟ್ಟು ತಿಳಿದದ್ದು ಎಕ್ಸ್‌ಚೇಂಜಿನ ಹತ್ತಿರದ ಒಂದು ಹೋಟೆಲಿನಲ್ಲಿ. ಉಡುಪಿ ಕಡೆಯವರ ಹೋಟೆಲು, ಮಧ್ಯಾಹ್ನ ನಾನು ಅಲ್ಲಿಯೇ ಊಟ ಮಾಡುತ್ತಿದ್ದೆ. ಯಜಮಾನರು ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ, ದೇವರ ಪಟದ ಪಕ್ಕದಲ್ಲಿ ನನ್ನದರಂಥದೇ ಯಂತ್ರ ತೂಗುತ್ತಿತ್ತು. ಇಷ್ಟು ದಿನ ಅದನ್ನು ಗಡಿಯಾರವೆಂದೇ ತಿಳಿದಿದ್ದೆ. ಅದರ ಮುಳ್ಳು ಫೇರ್ ಮೇಲಿತ್ತು, ಹೊರಗೆ ಬಿಸಿಲೂ ಹಾಗೆಯೇ ಇತ್ತು.

“ನಿಮ್ಮದು ಖರೇ ಹೇಳ್ತದ, ನನ್ನದ್ಯಾಕ ಬರೇ ಬಿರುಗಾಳಿ ಅಂತದರೀ?” ಎಂದು ಯಜಮಾನರನ್ನು ಕೇಳಿದೆ.

ಐವತ್ತು ದಾಟಿದವರು, ಮಾತು ಕಡಿಮೆ. ಹೆಂಡತಿ ಊರಿನಲ್ಲಿ, ಇವರು ಇಲ್ಲಿ. ಕರಾವಳಿಯ ಹೋಟೆಲಿನವರ ಬಾಳೇ ಹಾಗೆ, ವರ್ಷಕ್ಕೊಮ್ಮೆ ಊರು. ನನ್ನ ಯಂತ್ರದ ಕತೆ ಪೂರ್ತಿ ಕೇಳಿ ಅವರು ಹೇಳಿದರು: “ನಿಮ್ಮದು ಇನ್ನೂ ಸಮುದ್ರದ ದಂಡೆಯಲ್ಲೇ ಉಂಟು. ಪುಣೆಗೆ ಬಂದದ್ದನ್ನು ಅದಕ್ಕೆ ಯಾರೂ ಹೇಳಲಿಲ್ಲ.”

ವಿಷಯ ಇಷ್ಟೆ. ಬ್ಯಾರೋಮೀಟರು ಗಾಳಿಯ ಭಾರ ತೂಗುತ್ತದೆ. ಬಿರುಗಾಳಿ ಬರುವ ಮುಂಚೆ ಗಾಳಿಯ ಭಾರ ಇಳಿಯುತ್ತದೆ, ಮುಳ್ಳೂ ಇಳಿಯುತ್ತದೆ. ಆದರೆ ಎತ್ತರದ ಊರಿನಲ್ಲಿ ಗಾಳಿ ಯಾವಾಗಲೂ ಹಗುರ. ಸಮುದ್ರದ ಮಟ್ಟಕ್ಕೆಂದು ಮಾಡಿದ ಯಂತ್ರವನ್ನು ಘಟ್ಟ ಹತ್ತಿಸಿ ಪುಣೆಗೆ ತಂದರೆ, ಅದು ವರ್ಷವಿಡೀ ಬಿರುಗಾಳಿ ಬಂತೆಂದೇ ಹೆದರುತ್ತಿರುತ್ತದೆ. ಅದಕ್ಕೆ ಹಿಂದೆ ಒಂದು ಸಣ್ಣ ತಿರುಪು ಇರುತ್ತದೆ, ಅದನ್ನು ತಿರುಗಿಸಿ ಊರಿನ ಎತ್ತರಕ್ಕೆ ಹೊಂದಿಸಬೇಕು. ಮರುದಿನ ನನ್ನದನ್ನು ಒಯ್ದೆ. ಯಜಮಾನರು ಎರಡನ್ನೂ ಮೇಜಿನ ಮೇಲೆ ಒತ್ತಟ್ಟಿಗೆ ಇಟ್ಟು, ಕನ್ನಡಕದವರ ಸಣ್ಣ ಸ್ಕ್ರೂಡ್ರೈವರಿನಿಂದ ನನ್ನದರ ತಿರುಪನ್ನು ಮೆಲ್ಲಗೆ ತಿರುಗಿಸಿದರು. ನನ್ನ ಮುಳ್ಳು ಸ್ಟಾರ್ಮಿ ಬಿಟ್ಟು, ರೇನ್ ದಾಟಿ, ಚೇಂಜ್ ದಾಟಿ ಬಂದು ಅವರದರ ಮುಳ್ಳಿನ ನೇರಕ್ಕೆ ನಿಂತಿತು. “ಈಗ ಇದು ಪುಣೆಯದ್ದು,” ಎಂದರು.

ನಾನು ಅದನ್ನು ಮನೆಗೆ ಒಯ್ಯಲಿಲ್ಲ. ಒಬ್ಬಳೇ ಇರುವ ಕೋಣೆಯಲ್ಲಿ ಮುಳ್ಳು ಇಳಿದರೆ ಯಾರಿಗೆ ಹೇಳಲಿ? ಗಲ್ಲೆಯ ಮೇಲೆ ಇನ್ನೊಂದು ಮೊಳೆ ಹೊಡೆಸಿ ಅವರದರ ಪಕ್ಕದಲ್ಲೇ ತೂಗುಹಾಕಿದೆವು.

ಹವಾಮಾನದ ದೊಡ್ಡ ದೊಡ್ಡ ಪಂಡಿತರು ಇರುವ ಊರು ಪುಣೆ. ನಾವು ಅವರ ಓಣಿಯನ್ನೂ ತುಳಿದವರಲ್ಲ. ನಮ್ಮ ಕೂಟದಲ್ಲಿ ಇದ್ದದ್ದು ಮೂವರು: ಯಜಮಾನರು, ನಾನು, ಮತ್ತು ಹತ್ತಿರದ ಪೇಠೆಯ ಒಬ್ಬ ನಿವೃತ್ತ ಭೂಗೋಳದ ಮಾಸ್ತರು. ಮಾಸ್ತರು ಮರಾಠಿಯವರು, ಶಾಲೆ ಬಿಟ್ಟರೂ ಪಾಠ ಬಿಟ್ಟಿರಲಿಲ್ಲ. ಊಟದ ಗಲಾಟೆ ಮುಗಿದು ಸಂಜೆಯ ಗಿರಾಕಿಗಳು ಬರುವ ಮುಂಚೆ, ನಾಲ್ಕು ಗಂಟೆಯ ಹೊತ್ತಿಗೆ ನಾವು ಸೇರುತ್ತಿದ್ದೆವು. ಅದಕ್ಕೊಂದು ಪದ್ಧತಿಯಿತ್ತು. ಬ್ಯಾರೋಮೀಟರಿನ ಮುಳ್ಳು ಸೋಮಾರಿ, ಗಾಜನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಮಾತ್ರ ತನ್ನ ನಿಜವಾದ ಜಾಗಕ್ಕೆ ಜಿಗಿಯುತ್ತದೆ. ತಟ್ಟುವ ಮುಂಚೆ ಮೂವರೂ ಬಾಯಿಬಿಟ್ಟು ಅಂದಾಜು ಹೇಳಲೇಬೇಕು, ನಿನ್ನೆಗಿಂತ ಮೇಲೋ ಕೆಳಗೋ ಎಂದು. ಹೇಳದೆ ಯಾರೂ ಮುಟ್ಟುವಂತಿಲ್ಲ. ತಪ್ಪಿದವರಿಗೆ ಆ ದಿನದ ಬೈಗುಳ, ಸರಿ ಹೇಳಿದವರಿಗೂ ಅಷ್ಟೆ. ಒಬ್ಬರಿಗೊಬ್ಬರು ಕಾಯುತ್ತಿದ್ದೆವು ಎಂಬುದೇ ಮುಖ್ಯವಾಗಿತ್ತು. ಇಡೀ ಪುಣೆಯಲ್ಲಿ ನಾನು ಏನು ಹೇಳುತ್ತೇನೆಂದು ಯಾರಾದರೂ ಕಾಯುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಹೀಗೆ ಕೆಲವು ಮಳೆಗಾಲ ಕಳೆದವು. ದಶಕ ಮುಗಿಯುತ್ತ ಬಂದಿತ್ತು. ಒಂದು ವರ್ಷ ದೀಪಾವಳಿ ಹತ್ತಿರವಿದ್ದಾಗ ಒಂದೇ ಮಧ್ಯಾಹ್ನ ಎರಡು ಸುದ್ದಿ ಬಂತು. ಒಂದನ್ನು ರೇಡಿಯೋ ಹೇಳಿತು: ಅರಬ್ಬಿ ಸಮುದ್ರದಲ್ಲಿ, ಲಕ್ಷದ್ವೀಪದ ಆಚೆ ವಾಯುಭಾರ ಕುಸಿದಿದೆ. ಇನ್ನೊಂದನ್ನು ಯಜಮಾನರು ಹೇಳಿದರು: ಹೋಟೆಲನ್ನು ಬೇರೆಯವರಿಗೆ ಕೊಟ್ಟಾಗಿದೆ, ಬರುವ ಶನಿವಾರದ ಬಸ್ಸಿಗೆ ಊರಿಗೆ ಹೊರಡುತ್ತೇನೆ.

ಮಾಸ್ತರು ಮೊದಲ ಸುದ್ದಿಯ ಬಗ್ಗೆ ಮಾತಾಡತೊಡಗಿದರು. ನಾನು ಎರಡನೆಯದನ್ನೇ ಹಿಡಿದುಕೊಂಡೆ. “ಇಷ್ಟ ಲಗೂನ ಯಾಕ್ರೀ?” ಎಂದೆ.

“ಲಗೂ ಎಂತ ಲಗೂ? ಹೆಂಡತಿ ಅಲ್ಲಿ ಒಬ್ಬಳೇ ಕೂತು ಕೂತು ಸಾಕಾಗಿದೆ,” ಎಂದರು. ಒಂಟಿತನದ ಲೆಕ್ಕದಲ್ಲಿ ಆ ಹೆಂಗಸು ನನಗಿಂತ ಹಿರಿಯಳು. ಅವರೇ ಮುಂದೆ ಸೇರಿಸಿದರು: “ಆದರೆ ಇದು ಬಿರುಗಾಳಿಯಾಗಿ ಈ ಕಡೆಗೇ ಬಂದರೆ ಬಸ್ಸು ಬಿಡುದಿಲ್ಲ, ಘಟ್ಟದ ರಸ್ತೆ ಜರಿಯುತ್ತದೆ. ಹಾಗಾದರೆ ಇನ್ನೊಂದು ವಾರ ಇರ್ತೇನೆ. ಹೊಸಬರು ಮೇಲಿನ ಕೋಣೆ ಕೊಡ್ತಾರೆ.”

ಒಂದು ವಾರ. ಆ ಕ್ಷಣದಿಂದ ನನಗೆ ಆ ಬಿರುಗಾಳಿ ಬೇಕಾಯಿತು.

ಮೂಲೆಯ ಕಲ್ಲಿನ ಮೇಜು ಅರಬ್ಬಿ ಸಮುದ್ರವಾಯಿತು. ಮಾಸ್ತರು ಸೀಮೆಸುಣ್ಣದಿಂದ ಅದರ ಮೇಲೆ ದಂಡೆ ಬರೆದರು, ಕೆಳಗೆ ಕೇರಳ, ಮೇಲೆ ಗುಜರಾತು. ಬೋರಲು ಹಾಕಿದ ಚಟ್ನಿ ಬಟ್ಟಲೇ ಬಿರುಗಾಳಿ. ರೇಡಿಯೋದ ಪ್ರತಿ ವಾರ್ತೆಗೂ ಬಟ್ಟಲು ಬೆರಳಷ್ಟು ಸರಿಯುತ್ತಿತ್ತು. ಆ ಮೇಜಿಗೆ ಕೂರಲು ಬಂದ ಗಿರಾಕಿಯೊಬ್ಬ ಬಟ್ಟಲು ಎತ್ತಿದಾಗ ಮಾಸ್ತರು ಎಷ್ಟು ಜೋರಾಗಿ ಬೈದರೆಂದರೆ, ಆತ ದೋಸೆ ತಿನ್ನದೆ ಎದ್ದು ಹೋದ. ವಾಯುಭಾರ ಕುಸಿತ ಆಳವಾಗುತ್ತಿದೆ ಎಂದು ರೇಡಿಯೋ ಹೇಳಿದ ದಿನ ಅದೇ ಮಾಸ್ತರು ಮೊಮ್ಮಗ ಹುಟ್ಟಿದವರ ಹಾಗೆ ಎಲ್ಲರಿಗೂ ಕಾಫಿ ಹೇಳಿದರು. ನಮ್ಮಂಥ ಹುಚ್ಚರ ಜಾತಿಯೇ ಅಂಥದ್ದು. ಸಮುದ್ರ ಕೆಟ್ಟಷ್ಟೂ ನಮಗೆ ಹಬ್ಬ.

ಎಕ್ಸ್‌ಚೇಂಜಿನಲ್ಲಿ ನನಗೆ ನನ್ನದೇ ದಾರಿಯಿತ್ತು. ದಂಡೆಯುದ್ದಕ್ಕೂ ಆಪರೇಟರುಗಳಿದ್ದರು. ಲೈನು ಬಿಡುವಾದಾಗಲೆಲ್ಲ ಒಬ್ಬೊಬ್ಬಳನ್ನೂ ಕೇಳುತ್ತಿದ್ದೆ. ಮೊದಲು ಕಾರವಾರದವಳು, “ಗಾಳಿ ಇಲ್ಲ, ಆದರೆ ಸಮುದ್ರ ಸುಮ್ಮನೆ ಕೂಗ್ತಾ ಉಂಟು,” ಎಂದಳು. ಗಾಳಿಗಿಂತ ಮುಂಚೆ ಅಲೆ ಬಂದು ಮುಟ್ಟುತ್ತದೆ, ಅದು ಶುಭ ಲಕ್ಷಣ ಎಂದು ಹಿಗ್ಗಿದೆ. ಮರುದಿನ ಪಣಜಿಯ ಲೈನು ಗರಗರ ಎನ್ನತೊಡಗಿತು. ಅದರ ಮರುದಿನ ರತ್ನಾಗಿರಿಯವಳು “ಸಮುದ್ರ ಖವಳ್ಲಾಯ್,” ಎಂದಳು, ಸಮುದ್ರ ಕೆರಳಿದೆ. ಅವಳ ದನಿಯಲ್ಲಿ ಭಯವಿತ್ತು. ನಾನು ಅವಳಿಗೆ ಜಾಗ್ರತೆ ಎಂದು ಹೇಳಿ, ಬಟ್ಟಲು ಸರಿಸಲು ಹೋಟೆಲಿಗೆ ಓಡಿದೆ.

ಗುರುವಾರ ನಮ್ಮ ಮುಳ್ಳುಗಳೂ ಇಳಿದವು, ಎರಡೂ ಒಟ್ಟಿಗೆ. ಅಂದು ಬಿರುಗಾಳಿ ಎತ್ತ ಹೋಗುತ್ತದೆಂದು ಅಂದಾಜು ಹೇಳುವ ಸರದಿ. ಮಾಸ್ತರು ಗುಜರಾತು ಎಂದರು. ಯಜಮಾನರು, “ದಂಡೆ ಹತ್ರ ಬಂದ ಹಾಗೆ ಮಾಡಿ ಮೇಲೆ ಹೋಗಿ ಸಮುದ್ರದಲ್ಲೇ ಸಾಯ್ತದೆ,” ಎಂದರು. ನಾನು ಬಟ್ಟಲನ್ನು ಹಿಡಿದು ರತ್ನಾಗಿರಿಯ ಮೇಲೆ ಹತ್ತಿಸಿ, ಘಟ್ಟ ದಾಟಿಸಿ, ಮೇಜಿನ ಅಂಚಿನವರೆಗೆ, ಅಂದರೆ ಪುಣೆಯವರೆಗೆ ತಂದು ನಿಲ್ಲಿಸಿದೆ. “ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ್ರೀ?” ಎಂದೆ.

ಮಾಸ್ತರು ನನ್ನನ್ನೇ ನೋಡಿದರು. “ಬಾಯೀ, ಹಾ ಅಂದಾಜ್ ನಾಹೀ, ನವಸ್ ಆಹೆ,” ಎಂದರು. ಇದು ಅಂದಾಜಲ್ಲ, ಹರಕೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಮಾಸ್ತರರ ಮೇಲೆ ರೇಗಿದೆ, ನಿಮ್ಮ ಭೂಗೋಳ ಶಾಲೆಯ ಗೋಡೆಗೆ ಸರಿ ಎಂದೆ. ಯಜಮಾನರು ಮೇಜಿನ ಮೇಲಿನ ದಂಡೆಯನ್ನು, ಅದರ ಕೆಳಭಾಗದಲ್ಲಿ ತಮ್ಮ ಊರು ಇರಬಹುದಾದ ಜಾಗವನ್ನು ನೋಡುತ್ತಿದ್ದರು. ಆಮೇಲೆ ನಿಧಾನವಾಗಿ, “ನಮ್ಮಲ್ಲಿ ಈಗ ದೋಣಿ ಎಲ್ಲ ಮೇಲೆ ಎಳೀತಾ ಇರ್ತಾರೆ,” ಎಂದರು. ಅಷ್ಟೇ. ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯಿಂದ ಹರಕೆ ಕಡಿಮೆಯಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಅಂದು ಸಂಜೆ ಕಾತ್ರಜದ ಮಾಳಿಗೆಯ ಮೇಲೆ ನಿಂತಿದ್ದೆ. ಪಶ್ಚಿಮದಿಂದ ತೆಳುವಾದ ಬಿಳಿ ಮೋಡಗಳು ಹಿಂಜಿದ ಅರಳೆಯಂತೆ ಹರಡಿಕೊಂಡು ಬಂದು ಆಕಾಶವನ್ನೆಲ್ಲ ಮುಚ್ಚಿದ್ದವು. ಸೂರ್ಯನ ಸುತ್ತ ಬಳೆ ಕಟ್ಟಿತ್ತು. ಬೆಳಕು ತಾಮ್ರದ ಬಣ್ಣಕ್ಕೆ ತಿರುಗಿ ಎದುರಿನ ಗುಡ್ಡ, ನೀರಿನ ಟ್ಯಾಂಕಿ, ನನ್ನ ಒಣಹಾಕಿದ ಸೀರೆ ಎಲ್ಲ ಬೇರೆ ಯಾರದೋ ವಸ್ತುಗಳಂತೆ ಕಂಡವು. ಗಾಳಿ ಪೂರ್ವದಿಂದ ಬೀಸುತ್ತಿತ್ತು. ದೂರದ ಬಿರುಗಾಳಿ ಗಾಳಿಯನ್ನು ತನ್ನತ್ತ ಎಳೆದುಕೊಳ್ಳುವಾಗ ಹಾಗಾಗುತ್ತದೆ. ಹುಬ್ಬಳ್ಳಿಯ ಬಸ್ಸು ಎಂದಿನಂತೆ ಹೋಯಿತು. ಅದನ್ನು ನೋಡುತ್ತ ನಾನು ಗಟ್ಟಿಯಾಗಿ “ಬಾ” ಎಂದೆ. ನನ್ನ ದನಿ ನನಗೇ ಕೇಳಿ ಗಾಬರಿಯಾಯಿತು. ಎಕ್ಸ್‌ಚೇಂಜಿನ ಹೊರಗೆ ನಾನು ಅಷ್ಟು ಸ್ಪಷ್ಟವಾಗಿ ಯಾರನ್ನೂ ಕರೆದಿರಲಿಲ್ಲ.

ಶುಕ್ರವಾರ ಕೆಲಸಕ್ಕೆ ಕೂತ ಕೂಡಲೇ ರತ್ನಾಗಿರಿಯನ್ನು ಹಿಡಿದೆ. ಅವಳ ದನಿ ಹಗುರವಾಗಿತ್ತು. ಬಿಸಿಲು ಬಿದ್ದಿದೆ, ಮೀನು ಮಾರುವವರು ಮತ್ತೆ ಹೊರಗೆ ಬಂದಿದ್ದಾರೆ, ದೇವರು ಕಾಪಾಡಿದ ಎಂದಳು. ಗುಜರಾತಿನ ದಂಡೆಯ ವೇರಾವಳದಿಂದ ಕೇಳಿದೆ, ಅಲ್ಲಿ ಅಲೆ ಎದ್ದಿತ್ತು. ಅಂದರೆ ಬಿರುಗಾಳಿ ನಮ್ಮನ್ನು ಬಲಕ್ಕೆ ಬಿಟ್ಟು ಮೇಲೆ ದಾಟಿಹೋಗಿದೆ. ರೇಡಿಯೋಗಿಂತ ಮುಂಚೆ ಪುಣೆಯಲ್ಲಿ ಬಹುಶಃ ನನಗೊಬ್ಬಳಿಗೇ ಅದು ಗೊತ್ತಿತ್ತು. ಆ ಬೆಳಿಗ್ಗೆ ನಾನು ಜೋಡಿಸಿದ ಕರೆಗಳಲ್ಲಿ ಎಷ್ಟು ತಪ್ಪು ಊರಿಗೆ ಹೋದವೋ.

ನಾಲ್ಕು ಗಂಟೆಗೆ ಇಬ್ಬರೂ ಕಾಯುತ್ತಿದ್ದರು. ಮಾಸ್ತರು “ಮೇಲೆ” ಎಂದರು. ಯಜಮಾನರೂ “ಮೇಲೆ” ಎಂದರು. ನಾನು “ಕೆಳಗ” ಎಂದೆ. ಯಜಮಾನರು ಕೈಯೆತ್ತಿ ಎರಡು ಗಾಜುಗಳನ್ನೂ ತಟ್ಟಿದರು. ಎರಡೂ ಮುಳ್ಳುಗಳು ಒಟ್ಟಿಗೆ ಮೇಲೆ ಜಿಗಿದವು. ಮಾಸ್ತರು ಬಟ್ಟಲನ್ನು ಮೇಜಿನ ಮೇಲಿಂದ ತೆಗೆದು ತೊಳೆಯಲು ಕೊಟ್ಟರು. ಯಾರೂ ನನ್ನನ್ನು ಬೈಯಲಿಲ್ಲ, ಅದರಿಂದಲೇ ಹೆಚ್ಚು ನೋವಾಯಿತು.

ಶನಿವಾರ ಮಧ್ಯಾಹ್ನ ಯಜಮಾನರು ಎರಡೂ ಬ್ಯಾರೋಮೀಟರುಗಳನ್ನು ಮೊಳೆಯಿಂದ ಇಳಿಸಿ ಬೇರೆ ಬೇರೆ ಟವೆಲಿನಲ್ಲಿ ಸುತ್ತಿದರು. ಹೊಸಬರಿಗೆ ಗೋಡೆ ಖಾಲಿ ಬೇಕಾಗಿತ್ತು. ಮಾಸ್ತರರಿಗೆ ಮಂಡಿ ನೋವು, ಹೋಟೆಲಿನ ಬಾಗಿಲಲ್ಲೇ ಕೈಮುಗಿದರು. ನಾನು ಕಾತ್ರಜದಲ್ಲೇ ಇರುವವಳು, ಬಸ್ಸು ಅಲ್ಲಿಯೇ ನಿಲ್ಲುತ್ತದೆ, ಜೊತೆಗೆ ಬಂದೆ. ಹೊತ್ತು ಇಳಿಯುತ್ತಿತ್ತು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ, ಅಷ್ಟು ದೊಡ್ಡ ಬಿರುಗಾಳಿಯಿಂದ ನಮ್ಮ ಪಾಲಿಗೆ ಬಂದದ್ದು ನಾಲ್ಕು ಹನಿ. ಕೊಡೆ ಬಿಚ್ಚುವಷ್ಟೂ ಅಲ್ಲ.

ಬಸ್ಸು ಬಂದು ನಿಂತಾಗ ಅವರು ಒಂದು ಗಂಟನ್ನು ನನ್ನ ಕೈಗೆ ಕೊಟ್ಟರು. ಟವೆಲಿನ ಸಂದಿಯಿಂದ ಚೌಕಟ್ಟು ಕಂಡಿತು. ಅದು ಅವರದು.

“ಇದು ನಿಮ್ಮದರೀ,” ಎಂದೆ.

“ಗೊತ್ತುಂಟು. ನನ್ನದು ನಿಮಗೆ, ನಿಮ್ಮದು ನನಗೆ.”

ಆಗ ಹೇಳಬೇಕಾದ್ದು ಬಹಳ ಇತ್ತು. ನಾನು ಹೇಳಿದ್ದು ತಿರುಪಿನ ಮಾತು. “ಊರಿಗೆ ಹೋದ ಕೂಡ್ಲೇ ತಿರುಪು ತಿರುಗಿಸ್ರಿ. ಅದು ಪುಣೆಗೆ ಹೊಂದಿಸಿದ್ದು. ಅಲ್ಲಿ ಗಾಳಿ ಭಾಳ ಭಾರ, ಮುಳ್ಳು ವೆರಿ ಡ್ರೈ ದಾಟಿ ಹೊರಗ ಹೋಗ್ತದ. ಮನಿ ಹಾರಿಹೋದ್ರೂ ಬಿಸಿಲು ಅಂತ ಹೇಳ್ತದ.”

“ತಿರುಗಿಸ್ತೇನೆ ಮಾರಾಯ್ರೆ. ನನಗೇ ಪಾಠ ಮಾಡ್ತೀರಾ?” ಎಂದು ನಕ್ಕರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಘಟ್ಟದ ಕಡೆ ತಿರುಗಿತು. ಈ ಸಲ ನಾನು ಮಾಳಿಗೆಯ ಮೇಲಿಂದ ನೋಡಲಿಲ್ಲ, ರಸ್ತೆಯ ಬದಿಯಲ್ಲೇ ನಿಂತು ನೋಡಿದೆ. ದೂರ ಎಷ್ಟಾದರೂ ಇರಲಿ, ಹೋಗುವ ಬಸ್ಸು ಕಾಣುವುದು ಒಂದೇ ರೀತಿ.

ಅವರ ಬ್ಯಾರೋಮೀಟರನ್ನು ಕೋಣೆಯಲ್ಲಿ ತೂಗುಹಾಕಿದೆ. ಕಾತ್ರಜ ಪೇಟೆಗಿಂತ ಎತ್ತರದಲ್ಲಿದೆ, ಮುಳ್ಳು ಇರಬೇಕಾದ್ದಕ್ಕಿಂತ ಸ್ವಲ್ಪ ಕೆಳಗೆ ನಿಂತಿತು. ತಿರುಪು ತಿರುಗಿಸಿದರೆ ಸರಿಯಾಗುತ್ತಿತ್ತು. ಆದರೆ ಅದು ಅವರ ಕೈಯಿಂದ ಹೊಂದಿಸಿದ್ದು, ಮುಟ್ಟಲು ಮನಸ್ಸು ಬರಲಿಲ್ಲ. ನೋಡುವಾಗಲೆಲ್ಲ ಮನಸ್ಸಿನಲ್ಲೇ ಸ್ವಲ್ಪ ಕೂಡಿಸಿಕೊಳ್ಳುತ್ತಿದ್ದೆ.

ಮೊದಮೊದಲು ಅವರು ತಮ್ಮ ಊರಿನ ಎಸ್‌ಟಿಡಿ ಬೂತಿನಿಂದ ಎಕ್ಸ್‌ಚೇಂಜಿಗೆ ಫೋನು ಮಾಡುತ್ತಿದ್ದರು. ಆರೋಗ್ಯ, ಮಳೆ, ಮಾಸ್ತರರ ಮಂಡಿ ಆದ ಮೇಲೆ ಪ್ರತಿ ಸಲವೂ ಒಂದೇ ಪ್ರಶ್ನೆ: “ನಿಮ್ಮ ಮುಳ್ಳು ಎಲ್ಲುಂಟು?” ನಾನು ಹೇಳುತ್ತಿದ್ದೆ. “ನಿಮ್ಮದು?” ಎಂದರೆ “ನಮ್ಮದು ಎಂತದು, ಬಿಡಿ,” ಎಂದು ಮಾತು ತಿರುಗಿಸುತ್ತಿದ್ದರು. ಒಮ್ಮೆಯೂ ತಮ್ಮ ಮುಳ್ಳು ಎಲ್ಲಿದೆಯೆಂದು ಹೇಳಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಹೆಂಡತಿ, ಮನೆ, ತೋಟ ಸಿಕ್ಕಿತು, ಹಳೆಯ ಹುಚ್ಚು ಬಿಟ್ಟಿತು ಎಂದುಕೊಂಡೆ. ಹುಚ್ಚು ಬಿಟ್ಟರೆ ಹುಚ್ಚರೂ ಬಿಟ್ಟ ಹಾಗೆ. ಒಂದು ಸಲ ತಡೆಯಲಾರದೆ, “ಅದನ್ನ ಅಟ್ಟಕ್ಕ ಒಗದೀರಿ ಅಂತ ಕಾಣ್ತದ,” ಎಂದೆ. “ಇಲ್ಲ, ಗೋಡೆ ಮೇಲೆಯೇ ಉಂಟು,” ಎಂದರು. ಆ ಮಾತನ್ನು ನಾನು ನಂಬಲಿಲ್ಲ.

ಎರಡು ಸಾವಿರದ ಇಸವಿ ಬಂತು. ಎಲ್ಲರ ಕೈಗೂ ಫೋನು ಬಂದ ಮೇಲೆ ಟ್ರಂಕ್ ಬೋರ್ಡು ಮುಚ್ಚಿತು, ನನ್ನನ್ನು ದೂರು ಬರೆದುಕೊಳ್ಳುವ ಕೌಂಟರಿಗೆ ಹಾಕಿದರು. ರತ್ನಾಗಿರಿಯವಳು, ಕಾರವಾರದವಳು ಎಲ್ಲಿಗೆ ಹೋದರೋ ತಿಳಿಯಲಿಲ್ಲ. ವರ್ಷಗಟ್ಟಲೆ ಮಾತಾಡಿದವರ ಮನೆ ಯಾವುದೆಂದು ಕೇಳಿಯೇ ಇರಲಿಲ್ಲ. ಮಾಸ್ತರು ಮಗಳ ಜೊತೆ ಮಗರಪಟ್ಟಾದ ಎತ್ತರದ ಕಟ್ಟಡವೊಂದಕ್ಕೆ ಹೋದರು. ಒಮ್ಮೆ ನೋಡಲು ಹೋದಾಗ ಕಂಪ್ಯೂಟರಿನಲ್ಲಿ ಉಪಗ್ರಹದ ಚಿತ್ರ ತೋರಿಸಿದರು, ಅರಬ್ಬಿ ಸಮುದ್ರದ ಮೇಲೆ ಮೋಡಗಳು ನಿಜವಾಗಿಯೂ ಸುತ್ತುತ್ತಿದ್ದವು. ಎತ್ತ ಹೋಗುತ್ತದೆಂಬ ಗೆರೆಯನ್ನೂ ಅದೇ ಬರೆದಿತ್ತು. “ಈಗ ಅಂದಾಜು ಹೇಳುವುದಕ್ಕೆ ಏನೂ ಉಳಿದಿಲ್ಲ,” ಎಂದು ಮರಾಠಿಯಲ್ಲಿ ಹೇಳಿ, ಚಿತ್ರ ಮುಚ್ಚಿದರು. ಯಜಮಾನರ ಫೋನು ವರ್ಷಕ್ಕೊಮ್ಮೆ ಆಯಿತು, ಆಮೇಲೆ ಅದೂ ನಿಂತಿತು. ನಾನೇ ಮಾಡಬಹುದಿತ್ತು. ಸಿಟ್ಟು ಬಿಡಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಒಂದು ಭಾನುವಾರ ಎಕ್ಸ್‌ಚೇಂಜಿನಲ್ಲಿ ವಿಳಾಸ ಕೇಳಿಕೊಂಡು ಕಾತ್ರಜದ ನನ್ನ ಬಾಗಿಲಿಗೆ ಒಬ್ಬರು ಬಂದರು. ಯಜಮಾನರ ತಮ್ಮ. ಖರಾಡಿಯ ಆಫೀಸುಗಳ ನಡುವೆ ಕ್ಯಾಂಟೀನು ಹಾಕಲು ಊರಿನಿಂದ ಬಂದವರು. ಅಣ್ಣ ಹೋದ ಮಳೆಗಾಲದಲ್ಲಿ ತೀರಿಕೊಂಡರು ಎಂದರು. ನಾನು ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ಮುಖದ ಮೇಲೆ ಏನೂ ತೋರದ ಹಾಗೆ ಇರುವುದು ಒಂಟಿಯಾಗಿರುವವರಿಗೆ ಅಭ್ಯಾಸವಾಗಿರುತ್ತದೆ.

ಅವರು ಚೀಲದಿಂದ ಒಂದು ಗಂಟು ತೆಗೆದರು. “ಅತ್ತಿಗೆ ಇದನ್ನು ಪುಣೆಯ ಟೆಲಿಫೋನಿನವರಿಗೇ ಕೊಡಬೇಕು ಅಂದ್ರು. ಹಾಳಾದದ್ದು, ಯಾಕೆ ಹೊತ್ತುಕೊಂಡು ಹೋಗುದು ಅಂತ ನಾನು ಹೇಳಿದೆ. ನಮ್ಮಲ್ಲಿ ಅದು ಒಂದು ದಿನವೂ ಸರಿ ಹೇಳಿದ್ದಿಲ್ಲ. ಮುಳ್ಳು ಬರೆದದ್ದನ್ನೆಲ್ಲ ದಾಟಿ ಆಚೆ ಹೋಗಿ ನಿಂತಿರ್ತಿತ್ತು, ಎಂತ ಮಳೆ ಬಂದರೂ ಅಲ್ಲೇ. ರಿಪೇರಿಗೆ ಕೊಡ್ತೇನೆ ಅಂದರೆ ಅಣ್ಣ ಯಾರಿಗೂ ಮುಟ್ಟಲಿಕ್ಕೆ ಬಿಡ್ತಿರಲಿಲ್ಲ. ಸಂಜೆ ನಾಲ್ಕು ಗಂಟೆಗೆ ಒಂದು ಸಲ ತಟ್ಟುದು, ಎಂತದೋ ಹೇಳಿಕೊಳ್ಳುದು, ಅಷ್ಟೇ.” ಆಮೇಲೆ ತಲೆ ಕೆರೆದುಕೊಂಡು, “ಆದರೆ ಇಲ್ಲಿಗೆ ಬಂದ ಮೇಲೆ ನೋಡಿದೆ, ಮುಳ್ಳು ಒಳಗೆ ಬಂದುಬಿಟ್ಟಿದೆ. ಬಸ್ಸಿನ ಕುಲುಕಾಟಕ್ಕೆ ರಿಪೇರಿ ಆಯಿತೋ ಏನೋ,” ಎಂದರು.

ಅವರು ಹೋದ ಮೇಲೆ ಗಂಟು ಬಿಚ್ಚಿದೆ. ಜೂನಾ ಬಜಾರಿನಿಂದ ತಂದ ನನ್ನದೇ ಯಂತ್ರ. ಅವರದರ ಪಕ್ಕದಲ್ಲಿ ಮೊಳೆ ಹೊಡೆದು ತೂಗುಹಾಕಿದೆ. ತಟ್ಟಬೇಕಾಗಿರಲಿಲ್ಲ, ಎರಡೂ ಮುಳ್ಳುಗಳು ಒಂದೇ ನೇರಕ್ಕೆ ನಿಂತಿದ್ದವು. ಹೋಟೆಲಿನ ಮೇಜಿನ ಮೇಲೆ ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸಿದ ದಿನ ನಿಂತಿದ್ದ ಹಾಗೆಯೇ. ಹಿಂದಿನ ತಿರುಪನ್ನು ಅವರು ಒಂದು ಎಳೆಯಷ್ಟೂ ತಿರುಗಿಸಿರಲಿಲ್ಲ. ಸಮುದ್ರದ ದಂಡೆಯಲ್ಲಿ, ಅಷ್ಟು ಮಳೆಗಾಲ, ಅಲ್ಲಿ ಯಾವ ಕೆಲಸಕ್ಕೂ ಬಾರದ ಪುಣೆಯ ಮುಳ್ಳನ್ನು ಗೋಡೆಯ ಮೇಲೆ ಇಟ್ಟುಕೊಂಡಿದ್ದರು. ಅದಕ್ಕೇ ಫೋನಿನಲ್ಲಿ ತಮ್ಮದನ್ನು ಹೇಳುತ್ತಿರಲಿಲ್ಲ. ಹೇಳಲು ಅವರ ಬಳಿ ಅಂಕಿಯೇ ಇರಲಿಲ್ಲ.

ಮೊದಲು ಬಂದದ್ದು ಸಿಟ್ಟೇ. ಒಂದು ಮಾತು ಹೇಳಬಹುದಿತ್ತಲ್ಲ ಎಂದು ಗೋಡೆಯನ್ನೇ ಬೈದೆ. ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಎಂಬುದೂ ಗೊತ್ತು. ಎಂಥಾ ಮಂದಿ ನೀವು, ಈಗಿಂದೀಗ ತಿರುಪು ತಿರುಗಿಸ್ರಿ ಎಂದು ರೇಗುತ್ತಿದ್ದೆ. ಬಹುಶಃ ಅದಕ್ಕೇ ಹೇಳಲಿಲ್ಲ. ಆಮೇಲೆ ಅಳು ಬಂತು, ತಡೆಯಲು ಯಾರೂ ಇರಲಿಲ್ಲವಾದ್ದರಿಂದ ಸಾಕಾಗುವಷ್ಟು ಅತ್ತೆ.

ನಾಲ್ಕು ಗಂಟೆಯಾಯಿತು. ಮುಖ ತೊಳೆದುಕೊಂಡು ಬಂದು ಎರಡರ ಮುಂದೆ ನಿಂತೆ. ಹೊರಗೆ ಸಾತಾರದ ಕಡೆ ಮೋಡ ಕಟ್ಟುತ್ತಿತ್ತು. “ಕೆಳಗ,” ಎಂದು ಗಟ್ಟಿಯಾಗಿ ನನ್ನ ಅಂದಾಜು ಹೇಳಿದೆ. ಪದ್ಧತಿಯೆಂದರೆ ಪದ್ಧತಿ. ಅವರ ಅಂದಾಜಿಗಾಗಿ ಸ್ವಲ್ಪ ಹೊತ್ತು ಕಾದು, ಆಮೇಲೆ ತಟ್ಟಿದೆ.